ಪ್ರೊಜೆಕ್ಟೈಲ್ ಮೋಷನ್ ಪ್ರಾಜೆಕ್ಟಿಗೆ ಗೋಡೋ ಆಕ್ಯುರೇಟಾ, ಯೂನಿಟಿನಾ?

ಎರಡೂ ಗೇಮ್ ಇಂಜಿನ್, ಎಸೆದ ಬಾಲಿನ ದಾರಿ ಲೆಕ್ಕ ಹಾಕೋ ಪ್ರಾಜೆಕ್ಟಿಗೆ ಎರಡೂ ಬೇಡ ಗುರು. ನಾನೂ ಫೈನಲ್ ಇಯರಲ್ಲಿ ಬನಶಂಕರಿ ಪೀಜಿಲಿ ಕೂತು ಇದನ್ನೇ ಮಾಡಿದ್ದು, ಗೋಡೋದಲ್ಲಿ ಒಂದು ಕ್ರಿಕೆಟ್ ಬಾಲು, ಸೆಕೆಂಡಿಗೆ 20 ಮೀಟರ್, 45 ಡಿಗ್ರಿ, ಫಾರ್ಮುಲಾ ಪ್ರಕಾರ 40.8 ಮೀಟರ್ ದೂರ ಹೋಗ್ಬೇಕು, ನಂದು 34ಕ್ಕೇ ಬಿದ್ದೋಗ್ತಿತ್ತು.

ಯಾಕೆ ಅಂದ್ರೆ, ಬಾಲಿನ (ರಿಜಿಡ್‌ಬಾಡಿ) ಸೆಟ್ಟಿಂಗ್ಸ್ ತೋರ್ಸೋ ಇನ್‌ಸ್ಪೆಕ್ಟರಲ್ಲಿ ಲೀನಿಯರ್ ಡ್ಯಾಂಪ್, ಅಂದ್ರೆ ವೇಗ ತಗ್ಗಿಸೋ ಬೆಲೆ, 0 ಅಂತಾನೇ ಇರತ್ತೆ, ಓ ಗಾಳಿ ತಡೆ ಇಲ್ಲ ಅಂದ್ಕೊಂಡೆ. ಅದರ ಪಕ್ಕದಲ್ಲೇ ಡ್ಯಾಂಪ್ ಮೋಡ್ ಅಂತ ಇದೆ, ಡೀಫಾಲ್ಟಾಗಿ 'ಕಂಬೈನ್', ಅಂದ್ರೆ ನಮ್ಮ ಸೊನ್ನೆನ ಪ್ರಾಜೆಕ್ಟ್ ಸೆಟ್ಟಿಂಗ್ಸಲ್ಲಿರೋ ಬೆಲೆಗೆ ಕೂಡತ್ತೆ, ಅಲ್ಲಿರೋದು 0.1. 'ರಿಪ್ಲೇಸ್' ಮಾಡೋವರ್ಗೂ ಬಾಲು ಪ್ರತಿ ಫ್ರೇಮಲ್ಲೂ ಚೂರುಚೂರೇ ಸ್ಪೀಡ್ ಕಳ್ಕೊಳ್ತಾನೇ ಇರತ್ತೆ. ಇದು ಗೊತ್ತಿರ್ಲಿಲ್ಲ, ಹೋಗ್ಲಿ. ಆದ್ರೆ ಹುಡುಕೋ ಬದ್ಲು ನಾನು ಗ್ರಾವಿಟಿನ ಇಳಿಸ್ತಾ ಹೋದೆ, 7.9ಕ್ಕೆ ಬಂದಾಗ ರೇಂಜ್ ಹತ್ರಹತ್ರ 40.8 ಬಂತು, ಸ್ಕ್ರೀನ್‌ಶಾಟ್ ತೆಗೆದು ರಿಪೋರ್ಟಿಗೆ ಅಂಟಿಸ್ದೆ.

ವೈವಾದಲ್ಲಿ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕೇಳಿದ್ದು ಒಂದೇ, "30 ಡಿಗ್ರಿ ಹಾಕಪ್ಪ, ಆಮೇಲೆ 60 ಹಾಕು." ಗಾಳಿ ಇಲ್ದಿದ್ರೆ ಎರಡಕ್ಕೂ ರೇಂಜ್ ಒಂದೇ ಅಲ್ವಾ, 35.3 ಮೀಟರ್. ನಂದ್ರಲ್ಲಿ 30ಕ್ಕೆ 37 ದಾಟ್ತು, 60ಕ್ಕೆ 34ನೂ ಮುಟ್ಲಿಲ್ಲ, ಯಾಕಂದ್ರೆ 60ರ ಬಾಲು ಗಾಳೀಲಿ ಜಾಸ್ತಿ ಹೊತ್ತಿರತ್ತೆ, ಡ್ಯಾಂಪಿಗೆ ಕತ್ತರಿಸೋಕೆ ಅಷ್ಟು ಜಾಸ್ತಿ ಟೈಮ್. ಗ್ರಾವಿಟಿ ತಿರುಚಿ ಒಂದು ಆಂಗಲ್ ಸರಿಮಾಡ್ಬೋದು, ಎಲ್ಲಾನೂ ಆಗಲ್ಲ. ಗ್ರಾವಿಟಿ ಎಷ್ಟಿಟ್ಟಿದೀಯ ಅಂತ ಕೇಳಿದ್ರು, ಹೇಳ್ದೆ, ಮಾರ್ಕ್ಸ್ ಅಲ್ಲೇ ಹೋಯ್ತು.

ಡ್ಯಾಂಪ್ ತೆಗೆದ್ರೂ ಪೂರ್ತಿ ಸರಿಹೋಗಲ್ಲ. ಇಂಜಿನ್ ಮೊದ್ಲು ವೇಗ ಅಪ್‌ಡೇಟ್ ಮಾಡಿ ಆ ಹೊಸ ವೇಗದಲ್ಲೇ ಬಾಲನ್ನ ಸರಿಸತ್ತೆ, ಗೋಡೋದ ಸೆಕೆಂಡಿಗೆ 60 ಟಿಕ್‌ನಲ್ಲಿ (ಲೆಕ್ಕದ ಹೆಜ್ಜೆ) ಇದೇ 45 ಡಿಗ್ರಿ ಶಾಟ್ ಸುಮಾರು 24 ಸೆಂಟಿಮೀಟರ್ ಮುಂಚೆ ಬೀಳತ್ತೆ, ಯೂನಿಟಿಯ 0.02 ಸೆಕೆಂಡ್ ಸ್ಟೆಪ್‌ನಲ್ಲಿ 28. ಗೇಮಿಗೆ ಇದು ಯಾರಿಗೂ ಕಾಣಲ್ಲ, ಫಿಸಿಕ್ಸ್ ಪ್ರಾಜೆಕ್ಟಿಗೆ ಕಾಣತ್ತೆ.

ಅದಕ್ಕೇ ಪೈಥಾನಲ್ಲಿ ನೀವೇ ಒಂದು ಲೂಪ್ ಬರೀರಿ, ಹದಿನೈದು ಸಾಲು ಆಗ್ಬೋದು, ಜಾಗ ಲೆಕ್ಕ ಹಾಕುವಾಗ ಹಳೇ ವೇಗ ತಗೊಂಡು ಅರ್ಧ ಎ ಟಿ ಸ್ಕ್ವೇರ್ ಕೂಡ್ಸಿ. ತ್ರೀಡಿ ಶೋ ಬೇಕೇಬೇಕಾ, ಲೆಕ್ಕ ಹಾಕಿದ ಜಾಗಕ್ಕೆ ಬಾಲನ್ನ ಇಡೋಕಷ್ಟೇ ಇಂಜಿನ್ ಬಳಸಿ. ಗಾಳಿ ಸೇರಿಸ್ಬೇಕಂದ್ರೂ ಡ್ಯಾಂಪ್ ನಂಬ್ಬೇಡಿ, ಅದು ವೇಗಕ್ಕೆ ತಕ್ಕ ಹಾಗೆ ಎಳೆಯತ್ತೆ, ಕ್ರಿಕೆಟ್ ಬಾಲಿಗೆ ಗಾಳಿ ಎಳೆಯೋದು ವೇಗದ ವರ್ಗಕ್ಕೆ ತಕ್ಕ ಹಾಗೆ. ಮೊದ್ಲು ಗಾಳಿ ಇಲ್ದೆ 30-60 ಓಡ್ಸಿ ಸಮ ಬರತ್ತಾ ನೋಡಿ, ಗಾಳಿ ಹಾಕಿದ್ಮೇಲೆ ಮತ್ತೆ ಓಡ್ಸಿ, ಆಗ್ಲೂ ಸಮ ಬಂದ್ರೆ ಕೋಡಲ್ಲಿ ಬಗ್ ಇದೆ.