ಓದುಗರ ಪ್ರಶ್ನೆಗಳಿಗೆ ಉತ್ತರ: ಗುಡ್ಡಕ್ಕೆ ಒಯ್ಯುವ ಪುಟ್ಟ ಚಾಕು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಂದ ಒಂದೇ ವಿಷಯದ ಬಗ್ಗೆ ಹಲವು ಪತ್ರಗಳು ಬಂದಿರುವುದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಇಲ್ಲಿ ಹೇಳಿರುವುದೆಲ್ಲ ಮಡಚುವ ಚಾಕುವಿಗಲ್ಲ, ಅಲಗು ಹಿಡಿಯಲ್ಲಿ ಭದ್ರವಾಗಿ ಕೂತಿರುವ, ಒರೆಯಲ್ಲಿಟ್ಟು ಒಯ್ಯುವ ಚಿಕ್ಕ ಚಾಕುವಿಗೆ ಅನ್ವಯಿಸುತ್ತದೆ.

ಪ್ರಶ್ನೆ: ರಜೆಯ ದಿನಗಳಲ್ಲಿ ಗೆಳೆಯರ ಜೊತೆ ಆನೆಗೊಂದಿ ಸುತ್ತಲಿನ ಗುಡ್ಡಗಳಿಗೆ ಹೋಗುತ್ತೇನೆ. ಹಣ್ಣು, ತರಕಾರಿ ಹೆಚ್ಚಲು, ಹಗ್ಗ ಕೊಯ್ಯಲು, ಡೇರೆಯ ಗೂಟ ಚೂಪು ಮಾಡಲು ಚಾಕು ಬೇಕಾಗಿದೆ. ಆನ್‌ಲೈನ್‌ನಲ್ಲಿ ಎರಡನ್ನು ನೋಡಿಟ್ಟಿದ್ದೇನೆ. ಒಂದು 5 ಮಿಲಿಮೀಟರ್ ದಪ್ಪವಿದ್ದು, ಬೆನ್ನಿಗೆ ಗರಗಸದ ಹಲ್ಲುಗಳೂ ಟೊಳ್ಳು ಹಿಡಿಯ ತುದಿಯಲ್ಲಿ ದಿಕ್ಸೂಚಿಯೂ ಇವೆ. ಇನ್ನೊಂದು 2.5 ಮಿಲಿಮೀಟರ್ ದಪ್ಪದ ಸಾದಾ ಚಾಕು. ಗಟ್ಟಿಮುಟ್ಟಾದ ಮೊದಲನೆಯದೇ ಒಳ್ಳೆಯದಲ್ಲವೇ? (ಓದುಗರು, ಗಂಗಾವತಿ)

ಉತ್ತರ: ಅಲ್ಲ, ಎರಡನೆಯದನ್ನೇ ಕೊಳ್ಳಿ. ಚಾಕು ಕೊಳ್ಳುವವರು ಬೆನ್ನಿನ ದಪ್ಪವನ್ನು ನೋಡಿ ಗಟ್ಟಿತನವನ್ನು ಅಳೆಯುತ್ತಾರೆ. ಆದರೆ ನೀವು ಹೇಳಿರುವ ಮೂರೂ ಕೆಲಸಗಳಲ್ಲಿ ಚಾಕುವಿನ ಯೋಗ್ಯತೆಯನ್ನು ನಿರ್ಧರಿಸುವುದು ಹರಿತವಾದ ಅಂಚಿನ ಹಿಂದೆ ಅಲಗು ಎಷ್ಟು ತೆಳುವಾಗಿದೆ ಎಂಬುದು. ಚಿಕ್ಕ ಚಾಕುವಿನ ಅಲಗಿನ ಅಗಲ ಸಾಮಾನ್ಯವಾಗಿ 2ರಿಂದ 2.5 ಸೆಂಟಿಮೀಟರ್ ಮಾತ್ರ ಇರುತ್ತದೆ. ಅಷ್ಟು ಕಡಿಮೆ ಅಗಲದೊಳಗೆ 5 ಮಿಲಿಮೀಟರ್ ಬೆನ್ನಿನಿಂದ ಅಂಚಿನವರೆಗೆ ಇಳಿಯಬೇಕಾದರೆ ಆ ಇಳಿಜಾರು ಕಡಿದಾಗಲೇಬೇಕು. ಅಂಥ ಅಲಗು ಎಷ್ಟೇ ಹರಿತವಿದ್ದರೂ ಸೌತೆಕಾಯಿಯನ್ನು ಕೊಯ್ಯುವ ಬದಲು ಬೆಣೆಯಂತೆ ಸೀಳುತ್ತದೆ, ಗೂಟ ಚೂಪು ಮಾಡುವಾಗ ಕಟ್ಟಿಗೆಯೊಳಗೆ ಸರಿಯದೆ ಮೇಲಕ್ಕೆ ಜಾರುತ್ತದೆ. ಜಾರುವ ಚಾಕುವಿಗೆ ಕೈ ಹೆಚ್ಚು ಬಲ ಹಾಕುತ್ತದೆ, ಗಾಯಗಳಾಗುವುದು ಆಗಲೇ. ದಪ್ಪ ಅಲಗು ಉಪಯೋಗಕ್ಕೆ ಬರುವುದು ಕಟ್ಟಿಗೆ ಸೀಳುವಾಗ. ಆ ಕೆಲಸ ಕೊಡಲಿಗೆ ಸೇರಿದ್ದು, ನಿಮ್ಮ ಕಡೆಯ ಗುಡ್ಡಗಳಲ್ಲಿ ಒಲೆಗೆ ಬೇಕಾಗುವ ಒಣ ಪುಳ್ಳೆಗಳನ್ನು ಕೈಯಿಂದಲೇ ಮುರಿಯಬಹುದು.

ಟೊಳ್ಳು ಹಿಡಿಯ ವಿಷಯದಲ್ಲಿ ಇನ್ನೂ ಖಂಡಿತವಾಗಿ ಹೇಳುತ್ತೇವೆ: ಬೇಡ. ಹಿಡಿಯೊಳಗೆ ದಿಕ್ಸೂಚಿ, ಬೆಂಕಿಕಡ್ಡಿ ಇಡಲು ಜಾಗ ಬಿಟ್ಟಿದ್ದಾರೆ ಎಂದರೆ ಅಲಗಿನ ಉಕ್ಕು ಹಿಡಿಯ ಬುಡದಲ್ಲೇ ನಿಂತಿದೆ, ಒಂದು ಚಿಕ್ಕ ಮೊಳೆ ಅಥವಾ ತಿರುಪು ಅದನ್ನು ಹಿಡಿದಿಟ್ಟಿದೆ ಎಂದರ್ಥ. ಕಡಿಮೆ ಬೆಲೆಯ ಇಂಥ ಚಾಕುಗಳು ಮುರಿಯುವುದು ಸರಿಯಾಗಿ ಅಲ್ಲಿಯೇ. ಬೆನ್ನಿನ ಗರಗಸದ ಹಲ್ಲುಗಳು ಮರವನ್ನು ಕೊಯ್ಯುವಷ್ಟು ಆಳವಾಗಿರುವುದಿಲ್ಲ, ಆದರೆ ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಾಗ ಚರ್ಮವನ್ನು ಮಾತ್ರ ಕೀಳುತ್ತವೆ.

ಉಕ್ಕಿನ ಬಾಲ, ಅಂದರೆ ಅಲಗಿನಿಂದ ಹಿಡಿಯೊಳಗೆ ಮುಂದುವರಿಯುವ ಭಾಗ, ಹಿಡಿಯ ಕೊನೆಯವರೆಗೆ ಪೂರ್ತಿ ಹೋಗಿರಬೇಕೆ ಎಂದು ಅನೇಕರು ಕೇಳುತ್ತಾರೆ. ಪೂರ್ತಿ ಇದ್ದರೆ ಒಳ್ಳೆಯದೇ, ಆದರೆ ಅದೊಂದನ್ನೇ ಹಿಡಿದುಕೊಂಡು ಕೂರಬೇಕಿಲ್ಲ. ಸ್ವೀಡನ್ ದೇಶದ ಮೋರಾ ಊರಿನಲ್ಲಿ ತಯಾರಾಗುವ ಕಂಪಾನಿಯನ್ ಎಂಬ ಚಾಕುವಿನ ಅಲಗು ಸುಮಾರು 10 ಸೆಂಟಿಮೀಟರ್ ಉದ್ದ, 2.5 ಮಿಲಿಮೀಟರ್ ದಪ್ಪ; ಅದರ ಉಕ್ಕು ಹಿಡಿಯ ಕೊನೆಯವರೆಗೆ ಹೋಗುವುದಿಲ್ಲ. ಆದರೂ ಕೊಯ್ಯುವ, ಕೆತ್ತುವ ಕೆಲಸಗಳಲ್ಲಿ ಅದು ಬಹಳ ವರ್ಷ ಬಾಳುತ್ತದೆ. ಉಕ್ಕಿನ ಎರಡೂ ಬದಿಗೆ ಮರದ ಹೋಳುಗಳನ್ನು ರಿವೆಟ್ ಹೊಡೆದು ಕೂರಿಸಿದ ಹಿಡಿಯಾದರೆ, ಮರಕ್ಕೂ ಉಕ್ಕಿಗೂ ನಡುವೆ ಉಗುರು ಸಿಗುವಷ್ಟು ಸಂದು ಕೂಡ ಇರಬಾರದು. ಆ ಸಂದಿನಲ್ಲಿ ಬೆವರು, ನೀರು ಇಳಿದು ಕಣ್ಣಿಗೆ ಕಾಣದ ಕಡೆ ತುಕ್ಕು ಹಿಡಿಯುತ್ತದೆ.

ಕೈಗೆ ಬಂದ ಚಾಕುವನ್ನು ಹೀಗೆ ನೋಡಿ. ನಾಲ್ಕು ಬೆರಳುಗಳೂ ಹಿಡಿಯ ಮೇಲೆ ಪೂರ್ತಿ ಕೂತು ಅಂಗೈ ಹಿಂದೆ ಸ್ವಲ್ಪ ಜಾಗ ಉಳಿಯಬೇಕು. ಹಿಡಿಯ ಅಡ್ಡಕೊಯ್ತ ಅಂಡಾಕಾರವಾಗಿದ್ದರೆ ಕತ್ತಲೆಯಲ್ಲೂ ಅಂಚು ಯಾವ ಕಡೆಗಿದೆ ಎಂದು ಕೈಗೆ ತಿಳಿಯುತ್ತದೆ. ಗಟ್ಟಿಯಾಗಿ ಹಿಡಿದು ಒಂದೆರಡು ನಿಮಿಷ ಕಟ್ಟಿಗೆ ಕೆತ್ತಿದರೆ ಯಾವ ಮೂಲೆ ಒತ್ತುತ್ತದೆ ಎಂಬುದು ಗೊತ್ತಾಗುತ್ತದೆ, ಅಂಗಡಿಯಲ್ಲಿ ಸುಮ್ಮನೆ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ. ಬೆನ್ನಿನ ಗುಂಟ ಕಣ್ಣು ಹಾಯಿಸಿದಾಗ ಅಲಗು ನೇರವಾಗಿರಬೇಕು. ಅಂಚನ್ನು ದೀಪದ ಕೆಳಗೆ ಹಿಡಿದಾಗ ಎಲ್ಲಿಯಾದರೂ ಬಿಳಿಯ ಮಿಂಚು ಕಂಡರೆ ಅಲ್ಲಿ ಅಂಚು ಮೊಂಡಾಗಿದೆ ಅಥವಾ ಮುಕ್ಕಾಗಿದೆ. ಒರೆಯನ್ನು ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ, ಚಾಕು ಜಾರಬಾರದು. ಕೆಳಗೆ ಹಾಸಿಗೆ ಇರುವ ಕಡೆ ಈ ಪರೀಕ್ಷೆ ಮಾಡಿ, ಕಾಲ ಮೇಲೆ ಬೀಳದಿರಲಿ. ಒರೆಯ ತುದಿಯಲ್ಲಿ ನೀರು, ಮರಳು ಹೊರಗೆ ಹೋಗಲು ರಂಧ್ರವಿರುವುದು ಹೊಳೆ ದಂಡೆಯಲ್ಲಿ ಓಡಾಡುವವರಿಗೆ ಅಗತ್ಯ. ಅಲಗಿನ ಉದ್ದ, ದಪ್ಪ, ಉಕ್ಕಿನ ಹೆಸರು ಈ ಮೂರನ್ನೂ ಬರೆಯದ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಕೊಳ್ಳಬೇಡಿ.

ಪ್ರಶ್ನೆ: ತುಕ್ಕು ಹಿಡಿಯುವ ಕಾರ್ಬನ್ ಸ್ಟೀಲೇ ಉತ್ತಮ ಎಂದು ಕೆಲವರು, ಸ್ಟೇನ್‌ಲೆಸ್ ಉತ್ತಮ ಎಂದು ಕೆಲವರು ಹೇಳುತ್ತಾರೆ. ನಮ್ಮ ಹವೆಗೆ ಯಾವುದು ಸರಿ? (ಓದುಗರು, ಸಂಡೂರು)

ಉತ್ತರ: ಮೊದಲ ಚಾಕುವಾದರೆ ಸ್ಟೇನ್‌ಲೆಸ್. ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇದ್ದರೆ ಅದನ್ನು ಸ್ಟೇನ್‌ಲೆಸ್ ಎನ್ನುತ್ತಾರೆ. ಚಾಕುಗಳಿಗೆ ಬಳಸುವ 12ಸಿ27 ಎಂಬ ಉಕ್ಕಿನಲ್ಲಿ ಸುಮಾರು ಶೇಕಡಾ 13.5 ಕ್ರೋಮಿಯಂ, ಶೇಕಡಾ 0.6 ಕಾರ್ಬನ್ ಇರುತ್ತದೆ. 1095 ಎಂಬ ಕಾರ್ಬನ್ ಸ್ಟೀಲ್‌ನಲ್ಲಿ ಕಾರ್ಬನ್ ಶೇಕಡಾ 0.95ರ ಆಸುಪಾಸಿನಲ್ಲಿದ್ದು ಕ್ರೋಮಿಯಂ ಇರುವುದಿಲ್ಲ. ಅದು ಮಸೆಗಲ್ಲಿಗೆ ಸುಲಭವಾಗಿ ಒಗ್ಗುತ್ತದೆ, ತುಕ್ಕಿಗೂ ಅಷ್ಟೇ ಸುಲಭವಾಗಿ ಸಿಕ್ಕುತ್ತದೆ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಗಾಳಿಯಿಂದ ತುಕ್ಕು ಹಿಡಿಯುವುದು ಕಡಿಮೆ. ಹಾಳು ಮಾಡುವುದು ಬೆವರು, ನಿಂಬೆ, ಮಾವಿನಕಾಯಿ, ಈರುಳ್ಳಿಯ ರಸ. ಕೆಲಸ ಮುಗಿದ ಕೂಡಲೇ ಒರೆಸಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿರುವವರಿಗೆ ಕಾರ್ಬನ್ ಸ್ಟೀಲ್ ಸಂತೋಷ ಕೊಡುತ್ತದೆ. ಅಂಥವರು ಚಾಕುವನ್ನು ತಿಂಗಳುಗಟ್ಟಲೆ ಚರ್ಮದ ಒರೆಯಲ್ಲಿ ಮಾತ್ರ ಇಡಬಾರದು, ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಉಕ್ಕಿನ ಹೆಸರಿಗಿಂತ ಅದನ್ನು ಕಾಯಿಸಿ, ತಣಿಸಿ ಹದ ಮಾಡಿದ ರೀತಿ ದೊಡ್ಡದು. ರಾಕ್‌ವೆಲ್ ಸಿ ಮಾಪನದಲ್ಲಿ 56ರಿಂದ 60ರ ನಡುವಿನ ಗಡಸುತನ ಇಂಥ ಚಾಕುವಿಗೆ ತಕ್ಕದ್ದು. ‘ಸರ್ಜಿಕಲ್ ಸ್ಟೀಲ್’ ಎಂದಷ್ಟೇ ಬರೆದಿದ್ದರೆ ಅದರಿಂದ ನಿಮಗೆ ಯಾವ ಮಾಹಿತಿಯೂ ಸಿಕ್ಕಂತಾಗಲಿಲ್ಲ.

ಪ್ರಶ್ನೆ: ನಮ್ಮೂರ ಕಮ್ಮಾರರು ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಚಾಕು ಮಾಡಿಕೊಡುತ್ತೇನೆ ಎನ್ನುತ್ತಾರೆ. ಅವರ ಕುಡುಗೋಲು, ಕೊಡಲಿಗಳಿಗೆ ಒಳ್ಳೆಯ ಹೆಸರಿದೆ. ಮಾಡಿಸಬಹುದೇ? ಏನು ಹೇಳಬೇಕು, ಹೇಗೆ ಪರೀಕ್ಷಿಸಬೇಕು? (ಓದುಗರು, ಲಿಂಗಸುಗೂರು)

ಉತ್ತರ: ಖಂಡಿತ ಮಾಡಿಸಿ. ಕಾರ್ಖಾನೆಯ ಚಾಕುವಿಗೆ ನಿಮ್ಮ ಕೈಯ ಅಳತೆ ಗೊತ್ತಿರುವುದಿಲ್ಲ, ನಿಮ್ಮೂರ ಕಮ್ಮಾರರಿಗೆ ಅದನ್ನು ತೋರಿಸಬಹುದು. ಅಲ್ಲದೆ ಕುಲುಮೆಯಲ್ಲಿ ಇನ್ನೂ ಕೆಲಸ ಮಾಡುತ್ತಿರುವ ನುರಿತ ಕೈಗೆ ನಮ್ಮ ಹಣ ಹೋಗುವುದು ನ್ಯಾಯವೂ ಹೌದು. ಕಮಾನು ಪಟ್ಟಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 0.5ರಿಂದ 0.6ರಷ್ಟು ಕಾರ್ಬನ್, ಜೊತೆಗೆ ಸಿಲಿಕಾನ್ ಅಥವಾ ಕ್ರೋಮಿಯಂ ಹಾಗೂ ಮ್ಯಾಂಗನೀಸ್ ಇರುತ್ತವೆ. ಅದು 1095ರಷ್ಟು ಗಡಸಾಗದಿದ್ದರೂ ಪೆಟ್ಟು ತಾಳುತ್ತದೆ, ಸುಲಭವಾಗಿ ಮುಕ್ಕಾಗುವುದಿಲ್ಲ. ಆದರೆ ವರ್ಷಗಟ್ಟಲೆ ಬಾಗಿ ಚಾಚಿದ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕುಗಳು ಇರಬಹುದಾದ್ದರಿಂದ, ತುಂಡಾಗಿ ಗುಜರಿಗೆ ಬಂದ ಪಟ್ಟಿಯನ್ನು ಬಿಟ್ಟು, ಮುರಿಯದೆ ಉಳಿದ ಪಟ್ಟಿಯನ್ನೇ ಆರಿಸಲು ಹೇಳಿ.

ಎರಡನೆಯ ಮಾತು ದಪ್ಪದ್ದು. ಕೊಡಲಿ, ಮಚ್ಚು ಮಾಡಿ ಅಭ್ಯಾಸವಾದ ಕೈ ಚಾಕುವನ್ನೂ ದಪ್ಪವಾಗಿಯೇ ಬಿಡುತ್ತದೆ, ಗಿರಾಕಿಯೂ ತೂಕ ನೋಡಿ ಮೆಚ್ಚುತ್ತಾನೆ. ನೀವು ರಟ್ಟಿನಲ್ಲಿ ಆಕಾರವನ್ನು ಕತ್ತರಿಸಿ ಒಯ್ದು, ಅಲಗು 9ರಿಂದ 10 ಸೆಂಟಿಮೀಟರ್ ಉದ್ದ, ಬೆನ್ನು 3 ಮಿಲಿಮೀಟರ್, ಮಸೆಯುವುದಕ್ಕೆ ಮುಂಚೆ ಅಂಚಿನ ಬಳಿ ಅರ್ಧ ಮಿಲಿಮೀಟರಿನಷ್ಟು ಎಂದು ಬಾಯಿಬಿಟ್ಟು ಹೇಳಿ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಕುಡಿಸುವ, ಅಂದರೆ ಕಾದ ಉಕ್ಕನ್ನು ಥಟ್ಟನೆ ತಣಿಸಿ ಗಡಸು ಮಾಡುವ ಹಂತ. ಉಕ್ಕನ್ನು ಕಾಯಿಸುತ್ತ ಹೋದಂತೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಹೆಚ್ಚು ಕಾಯಿಸಿ ಅದ್ದಬೇಕು. ಈ ಬಗೆಯ ಉಕ್ಕಿನ ತೆಳು ಅಲಗನ್ನು ತಣ್ಣೀರಿಗೆ ಅದ್ದಿದರೆ ಬಿರುಕು ಬಿಡುವ, ಸೊಟ್ಟಗಾಗುವ ಅಪಾಯವಿದೆ. ಬೆಚ್ಚಗೆ ಮಾಡಿದ ಶೇಂಗಾ ಎಣ್ಣೆಯಲ್ಲಿ ಅದ್ದುವುದು ಸುರಕ್ಷಿತ. ಎಣ್ಣೆ ಹೊತ್ತಿಕೊಳ್ಳುವ ಸಂಭವ ಇರುವುದರಿಂದ ಲೋಹದ ಪಾತ್ರೆ, ಅದಕ್ಕೆ ಮುಚ್ಚುವ ತಟ್ಟೆ ಹತ್ತಿರವೇ ಇರಲಿ. ಹಾಗೆ ಅದ್ದಿದ ಅಲಗು ತೀರ ಗಡಸಾಗಿ ಬಿದ್ದರೆ ಒಡೆಯುವ ಸ್ಥಿತಿಯಲ್ಲಿರುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಶಾಖ ಕೊಟ್ಟು, ಅಂಚಿನ ಮೇಲೆ ಒಣ ಹುಲ್ಲಿನ ತೆಳು ಹಳದಿ ಬಣ್ಣ ಮೂಡಿದ ಕೂಡಲೇ ನಿಲ್ಲಿಸಬೇಕು. ಮನೆಯಲ್ಲಿ ಓವನ್ ಇದ್ದರೆ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಇದೇ ಫಲ ಇನ್ನೂ ಸಮನಾಗಿ ಸಿಗುತ್ತದೆ. ನೀಲಿ ಬಣ್ಣ ಬೆನ್ನಿಗೆ ಬಂದರೆ ಚಿಂತೆಯಿಲ್ಲ. ಅಂಚಿಗೆ ಬಂದರೆ ಅದು ಮೆತ್ತಗಾಗಿದೆ, ಮತ್ತೆ ಮೊದಲಿನಿಂದ ಹದ ಮಾಡಬೇಕು.

ಪರೀಕ್ಷೆಗೆ ಯಂತ್ರ ಬೇಕಿಲ್ಲ. ಹೊಸ ಅರವನ್ನು ಅಂಚಿನ ಬಳಿ ಹಗುರವಾಗಿ ಎಳೆಯಿರಿ: ಸಾದಾ ಕಬ್ಬಿಣದ ಮೇಲೆ ಕಚ್ಚುವಂತೆ ಸುಲಭವಾಗಿ ಕಚ್ಚಿದರೆ ಅಲಗು ಮೆತ್ತಗಿದೆ. ಆಮೇಲೆ ಹರಿತ ಮಾಡಿದ ಅಂಚನ್ನು ಹಿತ್ತಾಳೆಯ ದುಂಡನೆಯ ಸಲಾಕೆಯ ಮೇಲೆ ಓರೆಯಾಗಿ ಮಲಗಿಸಿ, ಅಂಚು ಸ್ವಲ್ಪ ಬಾಗುವುದು ಕಾಣುವಷ್ಟು ಒತ್ತುತ್ತ ಎಳೆಯಿರಿ. ಬಾಗಿದ ಅಂಚು ತಾನೇ ನೇರವಾದರೆ ಹದ ಸರಿಯಾಗಿದೆ. ಬಾಗಿದಂತೆಯೇ ಉಳಿದರೆ ಮೆತ್ತಗಾಗಿದೆ. ಮುಕ್ಕಾದರೆ ಗಡಸುತನ ಹೆಚ್ಚಾಗಿ ಉಳಿದಿದೆ, ಇನ್ನೊಮ್ಮೆ ಶಾಖ ಕೊಟ್ಟರೆ ಸರಿಹೋಗುತ್ತದೆ. ಈ ಪರೀಕ್ಷೆಯನ್ನು ಕಮ್ಮಾರರ ಎದುರಿಗೇ, ಅವರ ಒಪ್ಪಿಗೆ ಪಡೆದು ಮಾಡುವುದು ಮರ್ಯಾದೆ.

ಹಿಡಿಗೆ ಕರಿಜಾಲಿಯ ಮರ ಒಳ್ಳೆಯದು, ಆದರೆ ಚೆನ್ನಾಗಿ ಒಣಗಿದ್ದಿರಬೇಕು. ಹಸಿ ಮರ ರಾಯಚೂರಿನ ಬೇಸಿಗೆಯಲ್ಲಿ ಕುಗ್ಗಿ ರಿವೆಟ್ಟುಗಳು ಸಡಿಲವಾಗುತ್ತವೆ. ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಸವರಿ ಒಣಗಿಸಿದರೆ ಬೆವರು ಮರದೊಳಗೆ ಇಳಿಯುವುದು ಕಡಿಮೆಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ.

ಪ್ರಶ್ನೆ: ಇಂಥ ಚಾಕು ಇಟ್ಟುಕೊಳ್ಳಲು ಪರವಾನಗಿ ಬೇಕೇ? (ಓದುಗರು, ಸಿರುಗುಪ್ಪ)

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳು ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಉಪಕರಣಗಳನ್ನು ಹೊರತುಪಡಿಸಿ, 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಯಲ್ಲಿ ಸೇರಿಸಿವೆ. ನಾವು ಮಾತನಾಡುತ್ತಿರುವ 4 ಇಂಚಿನ ಅಲಗು ಆ ಮಿತಿಯ ಒಳಗೇ ಇದೆ. ಹಾಗೆಂದು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದಲ್ಲ. ಚುನಾವಣೆ, ಗಲಭೆಯ ಸಂದರ್ಭಗಳಲ್ಲಿ ಜಿಲ್ಲಾಡಳಿತ ಹೊರಡಿಸುವ ನಿಷೇಧಾಜ್ಞೆ ಚಾಕುವಿಗೂ ಅನ್ವಯಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ, ಆ ಕಾಯ್ದೆಯ ಪ್ರಕಾರ ಚಾಕು ಕೂಡ ಆಯುಧವೇ. ಆದ್ದರಿಂದ ದರೋಜಿ ಕರಡಿಧಾಮಕ್ಕೆ ಹೋಗುವಾಗ ಅದನ್ನು ಮನೆಯಲ್ಲೇ ಬಿಡಿ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ. ಉಳಿದಂತೆ ಚೀಲದೊಳಗೆ, ಒರೆಯಲ್ಲಿ ಇರಲಿ, ಸಂತೆ, ಜಾತ್ರೆ, ಬಸ್ಸಿನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವುದು ಬೇಡ.

ಪ್ರಶ್ನೆ: ಬಳ್ಳಾರಿ ಜಾಲಿಯ ಟೊಂಗೆ ಸವರಿ ಚಾಕು ಮೊಂಡಾಗಿದೆ. ಸಂತೆಯಲ್ಲಿ ಸಾಣೆ ಹಿಡಿಯುವವರಿಗೆ ಕೊಡಲೇ? ಗುಡ್ಡದ ಬಂಡೆಗೆ ಮಸೆದರೆ ಆಗುತ್ತದೆಯೇ? (ಓದುಗರು, ಕೊಪ್ಪಳ)

ಉತ್ತರ: ಎರಡೂ ಬೇಡ. ಒಣ ಸಾಣೆಚಕ್ರದ ಮೇಲೆ ತೆಳು ಅಂಚು ಕ್ಷಣದಲ್ಲಿ ಕಾಯುತ್ತದೆ. ನೀಲಿ ತಿರುಗಿದರೆ ಅಲ್ಲಿನ ಹದ ಹೋಯಿತು, ಆ ಭಾಗವನ್ನು ಸವೆಸಿ ತೆಗೆಯುವವರೆಗೆ ಚಾಕು ಹರಿತ ನಿಲ್ಲಿಸಿಕೊಳ್ಳುವುದಿಲ್ಲ. ಗ್ರಾನೈಟ್ ಬಂಡೆಯ ಹರಳುಗಳು ಒರಟು, ಕುಡುಗೋಲಿಗೆ ಸಾಕಾದರೂ ಚಾಕುವಿಗೆ ಸಾಲದು. ಅದಕ್ಕಿಂತ ದೊಡ್ಡ ಕಾರಣವೂ ಇದೆ: ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ಉಜ್ಜಿ ನಯ ಮಾಡಿದ ಗೆರೆತೋಡುಗಳು ಬಂಡೆಗಳ ಮೇಲೆ ಉಳಿದಿವೆ, ನಮ್ಮ ಭಾಗದ ಎಷ್ಟೋ ಬಂಡೆಗಳ ಮೇಲೆ ಹಳೆಯ ಚಿತ್ರಗಳಿವೆ, ಅಂಥ ಕಡೆ ಹೊಸ ಗೀರು ಬೀಳಬಾರದು.

ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ ಇರುವ ಮಸೆಗಲ್ಲನ್ನು ಕೊಳ್ಳಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಮಸಿ ಹಚ್ಚಿ, ಕಲ್ಲನ್ನು ನೀರಿನಿಂದ ತೋಯಿಸಿ, ಒಂದೆರಡು ಸಲ ಎಳೆದು ನೋಡಿ: ಮಸಿ ಇಳಿಜಾರಿನ ಉದ್ದಕ್ಕೂ ಅಂಚಿನವರೆಗೆ ಅಳಿಸಿ ಹೋಗಿದ್ದರೆ ಕೋನ ಸರಿ, ಮೇಲೆ ಮಾತ್ರ ಅಳಿಸಿದ್ದರೆ ಬೆನ್ನನ್ನು ಸ್ವಲ್ಪ ಎತ್ತಿ. ಒಂದು ಬದಿ ಮಸೆಯುತ್ತ ಹೋದಂತೆ ಎದುರು ಬದಿಯಲ್ಲಿ ಉಗುರಿಗೆ ತಡೆಯುವ ಸಣ್ಣ ಮಡಿಕೆ ಏಳುತ್ತದೆ. ಅದು ಬುಡದಿಂದ ಮೊನೆಯವರೆಗೆ ಎದ್ದ ಮೇಲೆಯೇ ಬದಿ ಬದಲಿಸಬೇಕು. ಕೊನೆಗೆ 1000ದ ಬದಿಯ ಮೇಲೆ ಹಗುರ ಕೈಯಿಂದ ಎಳೆದು, ಹಳೆಯ ಚರ್ಮದ ಬೆಲ್ಟಿನ ಒಳಬದಿಗೆ ಬೆನ್ನು ಮುಂದಾಗಿ ನಾಲ್ಕಾರು ಸಲ ಉಜ್ಜಿದರೆ ಆ ಮಡಿಕೆ ಹೋಗುತ್ತದೆ. ಮುಂದೆ ಜಾಲಿ ಸವರಲು ಕುಡುಗೋಲು ಅಥವಾ ಮಚ್ಚನ್ನು ಬಳಸಿ, ಕೈಗೆ ದಪ್ಪ ಚರ್ಮದ ಕೈಗವಸು ಇರಲಿ.