ಮೂರನೆಯ ಚಿಕಿತ್ಸಕರ ಬಳಿಗೇ ಮರಳಿ ಹೋಗಿ ಎಂದೆ

ಆನ್‌ಲೈನ್‌ನಲ್ಲಿ ಒಳ್ಳೆಯ ಮನೋಚಿಕಿತ್ಸಕರು ಯಾರಿದ್ದಾರೆ, ಒಂದು ಹೆಸರು ಹೇಳಿ ಎಂದು ಕೇಳಿಕೊಂಡು ಕಲಬುರಗಿಯ ನನ್ನ ಚಿಕಿತ್ಸಾ ಕೊಠಡಿಗೆ ಬರುವವರೂ ಫೋನ್ ಮಾಡುವವರೂ ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಅವರಲ್ಲಿ ಬಹಳ ಮಂದಿ ಅದಾಗಲೇ ಒಬ್ಬಿಬ್ಬರ ಬಳಿ ಮಾತನಾಡಿ, ಎರಡು ಮೂರು ಭೇಟಿಗಳಾದ ಮೇಲೆ ಸದ್ದಿಲ್ಲದೆ ಬಿಟ್ಟು ಬಂದವರು. ಹೊಸ ಹೆಸರು ಸಿಕ್ಕರೆ ತಮ್ಮ ತೊಂದರೆ ಬಗೆಹರಿಯುತ್ತದೆಂಬ ನಂಬಿಕೆ ಅವರದು. ಬೀದರ್‌ನ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ನಾನು ಕೊಟ್ಟ ಸಲಹೆ ಕೆಲವು ಸಹೋದ್ಯೋಗಿಗಳಿಗೆ ಸರಿಕಾಣಲಿಲ್ಲ. ಅದನ್ನು ಏಕೆ ಕೊಟ್ಟೆನೆಂಬುದನ್ನೂ ಹೇಳಬೇಕಾಗಿದೆ.

ಅವರು ಮೂವತ್ತೈದರ ಆಸುಪಾಸಿನವರು, ಸಹಕಾರಿ ಸೊಸೈಟಿಯೊಂದರಲ್ಲಿ ಗುಮಾಸ್ತರು, ತಂದೆ ತಾಯಿಯ ಜೊತೆ ಬೀದರ್‌ನಲ್ಲಿ ಇರುತ್ತಾರೆ. ಹೆಂಡತಿ ಯಾದಗಿರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಮಗಳನ್ನು ಕಟ್ಟಿಕೊಂಡು ಅಲ್ಲಿಯೇ ಬಾಡಿಗೆ ಮನೆಯಲ್ಲಿದ್ದು ಶನಿವಾರ ಬಂದು ಭಾನುವಾರ ಮರಳುತ್ತಾರೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುವುದು, ಕೈ ತಣ್ಣಗಾಗುವುದು, ಈಗಲೇ ಜೀವ ಹೋಗುತ್ತದೆಂಬ ಗಾಬರಿ ಇವರನ್ನು ಕಾಡುತ್ತಿದ್ದವು. ಕಲಬುರಗಿಯ ಜಯದೇವ ಆಸ್ಪತ್ರೆಯಲ್ಲಿ ಇಸಿಜಿ, ಎಕೋ ಮಾಡಿಸಿದ್ದರು, ಥೈರಾಯ್ಡ್ ಪರೀಕ್ಷೆಯೂ ಆಗಿತ್ತು, ಎಲ್ಲವೂ ಸರಿಯಾಗಿದ್ದವು. ಆತಂಕಕ್ಕೆ ಚಿಕಿತ್ಸೆ ಹುಡುಕುವ ಮೊದಲು ಈ ಪರೀಕ್ಷೆಗಳು ಆಗಿರಬೇಕು, ಆ ಕ್ರಮವನ್ನು ಅವರು ಸರಿಯಾಗಿಯೇ ಪಾಲಿಸಿದ್ದರು. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಏಕೆ ಹೋಗಲಿಲ್ಲ ಎಂದು ಕೇಳಿದಾಗ, ‘ಚೀಟಿ ಮಾಡಿಸೋ ಸಾಲಿನ್ಯಾಗ ನಮ್ಮ ಸೊಸೈಟಿ ಖಾತೆದಾರರೇ ನಿಂತಿರ್ತಾರ್ರೀ’ ಎಂದರು. ನಮ್ಮ ಕಡೆಯ ಜಿಲ್ಲೆಗಳಲ್ಲಿ ಆನ್‌ಲೈನ್ ಚಿಕಿತ್ಸೆಯನ್ನು ಜನ ನೆಚ್ಚಿಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ, ಮತ್ತು ಅದು ಹಗುರವಾಗಿ ಕಾಣಬೇಕಾದ ಕಾರಣವೂ ಅಲ್ಲ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತು ಮಂದಿಗಿಂತ ಹೆಚ್ಚು ಜನ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು, ಅವರಲ್ಲಿ ಬಹುಪಾಲು ಜನ ಯಾವ ಚಿಕಿತ್ಸೆಯನ್ನೂ ಪಡೆದಿರಲಿಲ್ಲ. ಸಾಲಿನಲ್ಲಿ ನಿಲ್ಲುವ ಭಯವನ್ನು ಫೋನ್ ಒಂದಿಷ್ಟು ಕಳೆಯುವುದಾದರೆ ಅದು ದೊಡ್ಡ ಉಪಕಾರವೇ.

ನನ್ನ ಬಳಿ ಬರುವ ಹೊತ್ತಿಗೆ ಅವರು ಮೂವರನ್ನು ನೋಡಿಯಾಗಿತ್ತು. ಮೊದಲನೆಯವರು ಜಾಹೀರಾತಿನಲ್ಲಿ ಕಂಡವರು. ಪದವಿಯ ವಿವರವಿಲ್ಲ, ಇಂತಿಷ್ಟು ದಿನದಲ್ಲಿ ಆತಂಕ ಹೋಗಲಾಡಿಸುವ ಭರವಸೆ, ಪೂರ್ತಿ ಪ್ಯಾಕೇಜಿನ ಹಣ ಮುಂಗಡವಾಗಿಯೇ. ಎರಡನೆಯವರು ತರಬೇತಿ ಪಡೆದವರೇ ಆಗಿದ್ದರೂ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಬೇಕಿತ್ತು. ಮನೆಯ ಸಂಕಟವನ್ನು ಅರ್ಜಿ ಬರೆದಂತೆ ಹೇಳಬೇಕಾಗುತ್ತಿತ್ತು ಎಂದು ಇವರು ನೊಂದುಕೊಂಡರು. ಮೂರನೆಯವರು ಕನ್ನಡದವರು, ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಔಷಧವಿಲ್ಲದೆ ಮಾತಿನ ಮೂಲಕ ಚಿಕಿತ್ಸೆ ನೀಡಲು ತರಬೇತಿ ಪಡೆದವರು. ಅವರನ್ನೂ ನಾಲ್ಕು ಭೇಟಿಗಳ ನಂತರ ಬಿಟ್ಟಿದ್ದರು. ‘ನೀವಾದ್ರ ನಮ್ಮ ಕಡಿಯವ್ರು, ನಿಮಗ ತಿಳೀತದ’ ಎಂಬುದು ನನ್ನ ಬಳಿ ಬಂದುದಕ್ಕೆ ಅವರು ಕೊಟ್ಟ ಕಾರಣ.

ಆ ಮೂರನೆಯವರ ನೋಂದಣಿ ಸಂಖ್ಯೆಯನ್ನು ನೋಡಿದಿರಾ ಎಂದು ಮೊದಲು ವಿಚಾರಿಸಿದೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವವರು 1992ರ ಕಾಯ್ದೆಯಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ದಾಖಲೆಯಲ್ಲಿ ನೋಂದಣಿಯಾಗಿರಬೇಕು, ಆ ಹೆಸರನ್ನು ಪರಿಷತ್ತಿನ ಜಾಲತಾಣದಲ್ಲಿ ಯಾರು ಬೇಕಾದರೂ ಹುಡುಕಬಹುದು. ಮನೋವೈದ್ಯರಾದರೆ ರಾಜ್ಯದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರಿರಬೇಕು, ಈ ಎರಡು ಬಗೆಯವರಲ್ಲಿ ಔಷಧ ಬರೆಯುವ ಅಧಿಕಾರ ಅವರಿಗೆ ಮಾತ್ರ. ಬರೀ ಆಪ್ತಸಲಹೆ ನೀಡುವವರ ವಿಷಯದಲ್ಲಿ ಇಷ್ಟು ಬಿಗಿಯಾದ ವ್ಯವಸ್ಥೆ ಇನ್ನೂ ನೆಲೆಯೂರಿಲ್ಲವಾದ್ದರಿಂದ ಏನು ಓದಿದ್ದೀರಿ, ಯಾರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದಿರಿ, ನಿಮ್ಮ ಕೈಮೀರಿದ್ದನ್ನು ಯಾರಿಗೆ ಒಪ್ಪಿಸುತ್ತೀರಿ ಎಂದು ನೇರವಾಗಿ ಕೇಳಬೇಕು. ನಿಜವಾದ ತರಬೇತಿ ಇದ್ದವರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಮೂರನೆಯವರ ಹೆಸರು ದಾಖಲೆಯಲ್ಲಿ ಇತ್ತು. ಹಾಗಿದ್ದ ಮೇಲೆ ಅವರನ್ನು ಬಿಟ್ಟದ್ದೇಕೆ ಎಂಬುದು ನನಗೆ ಮುಖ್ಯವಾಯಿತು.

ನಮ್ಮ ಎರಡನೆಯ ಮಾತುಕತೆ ವಿಡಿಯೋ ಕರೆಯಲ್ಲಿ ನಡೆಯಿತು. ಸಂಜೆ ಸೊಸೈಟಿಯ ಷಟರ್ ಅರ್ಧ ಇಳಿಸಿ, ಒಳಗಿನ ದಾಖಲೆ ಕೋಣೆಯಲ್ಲಿ ಹಳೆಯ ವೋಚರ್ ಕಟ್ಟುಗಳಿಗೆ ಫೋನ್ ಒರಗಿಸಿಟ್ಟು ಅವರು ಕೂತಿದ್ದರು. ಮನೆಯಲ್ಲಿ ತಾಯಿಯ ಕಿವಿಗೆ ಬೀಳುತ್ತದೆಂದು ಆ ಜಾಗ. ಮಾತಿಗೆ ಅಡ್ಡಿಯಾಗುತ್ತದೆಂದು ಫ್ಯಾನನ್ನೂ ಆರಿಸಿದ್ದರು. ಬೇಸಿಗೆ, ಕೊರಳ ಮೇಲಿನ ಟವೆಲ್ಲಿನಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು.

‘ಮೂರನೆಯವರಿಗೆ ಏನು ಹೇಳಿ ಬಿಟ್ಟಿರಿ?’ ಎಂದು ಕೇಳಿದೆ.

‘ಏನೂ ಹೇಳಿಲ್ರೀ. ನೆಟ್‌ವರ್ಕ್ ಸರಿ ಇಲ್ಲ, ಮುಂದಿನ ವಾರ ಮಾಡ್ತೀನಿ ಅಂತ ಮೆಸೇಜ್ ಹಾಕಿದೆ. ಆಮ್ಯಾಲ ಮಾಡ್ಲಿಲ್ಲ.’

‘ಎರಡನೆಯವರಿಗೆ?’

‘ಅವರಿಗೂ ಅದೇ ಮೆಸೇಜೇರಿ.’

‘ಮೂರನೆಯವರ ಮೇಲೆ ಸಿಟ್ಟು ಬಂದಿತ್ತೆ?’

‘ಸಿಟ್ಟಂದ್ರ... ನಾ ಯಾರ ಜೋಡೀನೂ ಜಗಳ ಮಾಡೋ ಮನಷ್ಯಾ ಅಲ್ರೀ ಮೇಡಂ.’

ನಾನು ಅಲ್ಲಿಗೇ ಬಿಡಲಿಲ್ಲ. ನಾಲ್ಕನೆಯ ಭೇಟಿಯಲ್ಲಿ ಏನು ನಡೆಯಿತೆಂದು ಕೇಳಿದೆ. ಹೆಂಡತಿ ವರ್ಗಾವಣೆಯ ಮಾತೆತ್ತಿದಾಗ ನೀವು ಏನು ಉತ್ತರ ಕೊಡುತ್ತೀರಿ ಎಂದು ಆ ಚಿಕಿತ್ಸಕಿ ಕೇಳಿದ್ದರಂತೆ. ‘ನಾ ಹೇಳಿದ್ದು ಎದಿ ಬಡಿತದ್ದು. ಅವರು ನಮ್ಮ ಮನಿಯೊಳಗ ಹೊಕ್ಕರು. ಆಕೀ ಕಡಿನೇ ಮಾತಾಡ್ಲಕತ್ತಾರ ಅನಸ್ತು’ ಎಂದರು. ಹಾಗನ್ನಿಸಿತೆಂದು ಅವರಿಗೆ ಹೇಳಿದಿರಾ ಎಂದರೆ, ‘ಹ್ಯಾಂಗ ಹೇಳ್ಲಿರಿ, ಅಷ್ಟು ಓದಿದವ್ರಿಗೆ’ ಎಂಬ ಉತ್ತರ ಬಂತು.

ಆಗ ಆ ಚಿಕಿತ್ಸಕಿ ಕೇಳಿದ ಪ್ರಶ್ನೆಯನ್ನೇ ನಾನೂ ಬೇರೆ ಬಗೆಯಲ್ಲಿ ಕೇಳಿದೆ. ಮನೆಯಲ್ಲಿ ಹೆಂಡತಿ ಮಾತು ಬೆಳೆಸಿದಾಗ ನೀವೇನು ಮಾಡುತ್ತೀರಿ?

‘ಸುಮ್ನ ಎದ್ದು ಬೈಕ್ ತಗೊಂಡು ಹೊರಗ ಹೋಗ್ತೀನ್ರೀ.’

‘ಅವರು ಯಾದಗಿರಿಯಿಂದ ಫೋನ್ ಮಾಡಿ ಕೇಳಿದರೆ?’

‘ಫೋನಿನ್ಯಾಗಾದ್ರ ನೆಟ್‌ವರ್ಕ್ ಇಲ್ಲ ಅಂತೀನಿ...’ ಎಂದವರು ಅಲ್ಲಿಗೇ ನಿಂತರು. ಟವೆಲ್ಲನ್ನು ಮುಖದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ‘ಆಕಿಗೂ ಅದೇ ಹೇಳ್ತೀನಲ್ರೀ’ ಎಂದರು.

ಅದನ್ನು ನಾನು ಹೇಳಿದ್ದರೆ ಅದೊಂದು ಆರೋಪವಾಗುತ್ತಿತ್ತು. ಅವರ ಬಾಯಿಂದಲೇ ಬಂದದ್ದರಿಂದ ಅವರು ಅದನ್ನು ಬಿಟ್ಟುಕೊಡಲಿಲ್ಲ. ಉಳಿದ ಹೊತ್ತೆಲ್ಲ ಅವರೇ ಮಾತನಾಡಿದರು. ಶನಿವಾರ ಮಧ್ಯಾಹ್ನ ಬಸ್ ಹತ್ತಿದೆ ಎಂದು ಹೆಂಡತಿಯ ಸಂದೇಶ ಬಂದ ಮೇಲೆ ಎದೆ ಬಡಿತ ಶುರುವಾಗುತ್ತದೆ. ವರ್ಗಾವಣೆಗೆ ಹೆಂಡತಿ ಅರ್ಜಿ ಹಾಕಬೇಕೋ, ಇವರೇ ಕೆಲಸ ಬಿಟ್ಟು ಅತ್ತ ಹೋಗಬೇಕೋ ಎಂಬ ಪ್ರಶ್ನೆಗೆ ಇವರು ಇದುವರೆಗೆ ಹೌದು ಎಂದೂ ಅಂದಿಲ್ಲ, ಇಲ್ಲ ಎಂದೂ ಅಂದಿಲ್ಲ. ಏನು ಹೇಳಿದರೂ ಒಬ್ಬರಿಗೆ ನೋವಾಗುತ್ತದೆ, ತಾಯಿಗೆ ಇಲ್ಲವೇ ಹೆಂಡತಿಗೆ. ಮಾತನ್ನು ತಪ್ಪಿಸಿಕೊಂಡ ಗಳಿಗೆಯಲ್ಲಿ ಎದೆ ಹಗುರಾಗುತ್ತದೆ, ಮುಂದಿನ ಶನಿವಾರ ಅದು ಮತ್ತಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆತಂಕ ಬೇರೂರುವುದು ಬಹುಮಟ್ಟಿಗೆ ಹೀಗೆಯೇ: ತಪ್ಪಿಸಿಕೊಂಡಾಗ ಸಿಗುವ ಸಮಾಧಾನವೇ ಮುಂದಿನ ಭಯಕ್ಕೆ ಗೊಬ್ಬರ ಹಾಕುತ್ತದೆ.

ನಾನು ಕೊಟ್ಟ ಸಲಹೆ ಇದು. ನನ್ನಲ್ಲಿ ಚಿಕಿತ್ಸೆ ಮುಂದುವರಿಸುವುದು ಬೇಡ. ಮೂರನೆಯವರಿಗೆ ಕರೆ ಮಾಡಿ ಮತ್ತೊಂದು ಭೇಟಿ ಗೊತ್ತುಮಾಡಿಕೊಳ್ಳಿ. ನೆಟ್‌ವರ್ಕ್ ಕೆಟ್ಟಿರಲಿಲ್ಲ, ನೀವು ನನ್ನ ಹೆಂಡತಿಯ ಪರ ಮಾತನಾಡುತ್ತಿದ್ದೀರಿ ಅನ್ನಿಸಿ ನಾನು ದೂರ ಸರಿದೆ ಎಂಬ ಮಾತನ್ನು ಅವರ ಮುಖಕ್ಕೇ ಹೇಳಿ. ಆ ಮಾತನ್ನು ಅವರು ನನ್ನೆದುರಿಗೆ ಹಲವು ಸಲ ಹೇಳಿ ನೋಡಿದರು. ಮೊದಮೊದಲು ಪ್ರತಿ ಸಲವೂ ‘ನಿಮ್ಮ ತಪ್ಪೇನಿಲ್ರೀ’ ಎಂದು ಸೇರಿಸುತ್ತಿದ್ದರು. ಅದನ್ನು ಬಿಟ್ಟು ಹೇಳುವುದು ಅವರಿಗೆ ಎಷ್ಟು ಕಷ್ಟವಾಯಿತೆಂಬುದನ್ನು ಕಣ್ಣಾರೆ ಕಂಡೆ. ನಡುವೆ ಗಾಬರಿ ಏರಿದರೆ ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆಂದೂ, ಕೂತಲ್ಲಿಂದ ಏಳದೆ ಉಸಿರನ್ನು ನಿಧಾನವಾಗಿ ಹೊರಗೆ ಬಿಡುತ್ತ ಅದನ್ನು ಕಳೆಯಲು ಬಿಡಬೇಕೆಂದೂ ತಿಳಿಸಿದೆ. ರಾತ್ರಿ ಹೊತ್ತು ಯಾರೂ ಸಿಗದಿದ್ದಾಗ ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದೆಂದೆ. ಅದು ಉಚಿತ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಧೈರ್ಯ ಮಾಡಿ ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸುವುದು ಸರಿಯೇ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಬೇಸರದಿಂದಲೇ ಕೇಳಿದರು. ಅವರು ಎಲ್ಲಿಗೂ ಹೋಗದೆ ಉಳಿದುಬಿಟ್ಟರೆ ಆ ಹೊಣೆ ಯಾರದು ಎಂಬ ಅವರ ಪ್ರಶ್ನೆಯಲ್ಲಿ ಹುರುಳಿದೆ, ಆದ್ದರಿಂದಲೇ ಆ ಭೇಟಿ ಮುಗಿದ ಮೇಲೆ ನನಗೊಂದು ಕರೆ ಮಾಡಬೇಕೆಂದು ದಿನ ಗೊತ್ತುಮಾಡಿಕೊಂಡಿದ್ದೆ. ಆದರೆ ಅವರನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ, ನಾನೂ ಅವರಿಗೆ ಒಗ್ಗದ ಪ್ರಶ್ನೆ ಕೇಳುವ ದಿನ ಬರುತ್ತಿತ್ತು, ಆ ವಾರ ನನಗೂ ಅದೇ ಸಂದೇಶ ಬರುತ್ತಿತ್ತು. ಚಿಕಿತ್ಸಕರಿಗೂ ಬಂದವರಿಗೂ ನಡುವೆ ಇರುವ ಕೆಲಸದ ನಂಟಿನಲ್ಲಿ ಮೂರು ಅಂಶಗಳಿವೆಯೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ವಿವರಿಸಿದ್ದರು: ಯಾವ ಗುರಿಗಾಗಿ ಸೇರಿದ್ದೇವೆ, ಅದಕ್ಕೆ ಯಾವ ಕೆಲಸ ಮಾಡಬೇಕು ಎಂಬುದರಲ್ಲಿ ಒಮ್ಮತ, ಜೊತೆಗೆ ಪರಸ್ಪರ ವಿಶ್ವಾಸ. ಇವರ ಪ್ರಕರಣದಲ್ಲಿ ಗುರಿಯ ಒಮ್ಮತವೇ ಮುರಿದಿತ್ತು. ಇವರು ಎದೆ ಬಡಿತಕ್ಕೆ ಬಂದಿದ್ದರು, ಅವರು ದಾಂಪತ್ಯಕ್ಕೆ ಕೈಹಾಕಿದ್ದರು, ಇಬ್ಬರೂ ಅದನ್ನು ಕುರಿತು ಮಾತನಾಡಿರಲಿಲ್ಲ. ಅಂಥ ಬಿರುಕನ್ನು ಅದು ಬಿಟ್ಟ ಕಡೆಯಲ್ಲಿಯೇ ಸರಿಪಡಿಸುವುದು ಚಿಕಿತ್ಸೆಯ ಭಾಗವೆಂದು ನಾನು ದೃಢವಾಗಿ ನಂಬುತ್ತೇನೆ. ಹೆಂಡತಿಯ ಎದುರು ಬಾರದ ಮಾತನ್ನು, ಅದನ್ನು ಕೇಳಿಸಿಕೊಳ್ಳಲೆಂದೇ ತರಬೇತಿ ಪಡೆದವರೊಬ್ಬರ ಎದುರು ಮೊದಲು ಆಡಿ ನೋಡುವುದಕ್ಕಿಂತ ಸುರಕ್ಷಿತವಾದ ಅಭ್ಯಾಸ ಬೇರೆ ಯಾವುದಿದೆ?

ಈ ಸಲಹೆ ಎಲ್ಲರಿಗೂ ಅಲ್ಲ. ಮೊದಲನೆಯವರ ಬಳಿಗೆ ಮರಳಿ ಎಂದು ನಾನು ಎಂದೂ ಹೇಳುತ್ತಿರಲಿಲ್ಲ. ಗುಣಪಡಿಸುವ ಖಾತರಿ ಕೊಡುವವರು, ಬೇರೆಯವರ ಗುಟ್ಟನ್ನು ಉದಾಹರಣೆಯಾಗಿ ನಿಮಗೆ ಹೇಳುವವರು, ಜಾತಿ, ಧರ್ಮ, ಲೈಂಗಿಕತೆಯ ಬಗ್ಗೆ ತೀರ್ಪು ಕೊಡುವವರು, ವೈದ್ಯರಲ್ಲದಿದ್ದರೂ ಗುಳಿಗೆಯ ಹೆಸರು ಹೇಳುವವರು, ಮಾತನ್ನು ಸಲಿಗೆಯ ಕಡೆಗೆ ತಿರುಗಿಸುವವರು, ಇಂಥವರನ್ನು ಕಾರಣ ಹೇಳುವ ಗೋಜಿಗೂ ಹೋಗದೆ ಬಿಡಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅದು ಸಂಬಂಧದ ತೊಡಕೆಂದು ಕೂತು ಮಾತನಾಡುವ ವಿಷಯವಲ್ಲ. ಮಹಿಳೆಯರಿಗೆ 181 ಇದೆ, ತುರ್ತಿಗೆ 112 ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ವಾರಕ್ಕೊಂದು ವಿಡಿಯೋ ಕರೆ ಸಾಲದು, ನೇರವಾಗಿ ಮನೋವೈದ್ಯರನ್ನು ಕಾಣಬೇಕು; ಕಲಬುರಗಿಯ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಲು ಆಗ ಯಾವ ಸಂಕೋಚವೂ ಅಡ್ಡ ಬರಬಾರದು.

ಅವರು ಮರಳಿ ಹೋದರು. ನಾಲ್ಕನೆಯ ಭೇಟಿಯಲ್ಲಿ ತಾವು ಅವಸರ ಮಾಡಿದ್ದೆವೆಂದು ಆ ಚಿಕಿತ್ಸಕಿ ಒಪ್ಪಿಕೊಂಡರಂತೆ. ಇದಾದ ಕೆಲವು ವಾರಗಳ ಮೇಲೆ ಅವರ ಹೆಂಡತಿ ನನಗೆ ಫೋನ್ ಮಾಡಿ, ‘ಮೇಡಂರೀ, ನಮ್ಮ ಯಜಮಾನ್ರು ನಿಮ್ಮ ಮುಂದ ಏನೇನ್ ಹೇಳ್ಯಾರ್ರೀ?’ ಎಂದು ಕೇಳಿದರು. ಅದನ್ನು ನಾನು ಹೇಳುವಂತಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ, ಅವರನ್ನೇ ಕೇಳಿ ಎಂದೆ. ‘ಕೇಳಿದ್ರ ಈಗ ಹೇಳ್ತಾರೇನ್ರೀ?’ ಎಂದರು ಆಕೆ. ಕೇಳಿ ನೋಡಿ ಎಂದಷ್ಟೇ ಹೇಳಿದೆ.

ಈಗ ಹದಿನೈದು ದಿನಕ್ಕೊಮ್ಮೆ ಗಂಡ ಬೀದರ್‌ನಿಂದ, ಹೆಂಡತಿ ಯಾದಗಿರಿ ಕಡೆಯಿಂದ, ಚಿಕಿತ್ಸಕಿ ತಮ್ಮ ಊರಿನಿಂದ ಒಂದೇ ಕರೆಯಲ್ಲಿ ಸೇರುತ್ತಾರೆ. ಬೇರೆ ಬೇರೆ ಊರಿನಲ್ಲಿ ನೌಕರಿ ಮಾಡುವ ದಂಪತಿಗೆ ನನ್ನ ಕೊಠಡಿ ಈ ಅನುಕೂಲವನ್ನು ಕೊಡಲಾರದು. ವರ್ಗಾವಣೆಯ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ, ತಾಯಿಗೆ ಈ ಮಾತುಕತೆಗಳ ವಿಷಯ ಇನ್ನೂ ತಿಳಿಸಿಲ್ಲ. ಶನಿವಾರದ ಎದೆ ಬಡಿತವೂ ಪೂರ್ತಿ ನಿಂತಿಲ್ಲ. ಆದರೆ ಮಾತು ಬಿಸಿಯಾದಾಗ ಬೈಕಿನ ಕೀಲಿಗೆ ಕೈಹಾಕುವುದನ್ನು ಬಿಟ್ಟಿದ್ದೇನೆಂದು ಅವರು ಹೇಳುತ್ತಾರೆ, ಹೆಂಡತಿಯೂ ಅದನ್ನು ಒಪ್ಪುತ್ತಾರೆ.