ಸ್ವರ್ಗದಲ್ಲೂ ಮೇಲು-ಕೀಳೇ?

ಪ್ರಶ್ನೆ: ಡಾಂಟೆಯ ‘ಡಿವೈನ್ ಕಾಮಿಡಿ’ಯಲ್ಲಿ ನರಕದ ಭಾಗ ಓದಿದ್ದೇನೆ. ಅವನ ಸ್ವರ್ಗದಲ್ಲೂ ಅಂತಸ್ತುಗಳಿವೆಯಂತೆ. ಕೆಳಗಿರುವವರಿಗೆ ಮೇಲಿನವರನ್ನು ಕಂಡು ಹೊಟ್ಟೆ ಉರಿಯುವುದಿಲ್ಲವೇ? ಈ ಭಾಗವನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೂರನೆಯ ಸರ್ಗದಿಂದ. ನೀವು ಕೇಳಿದ್ದನ್ನೇ ಡಾಂಟೆ ಅಲ್ಲಿ ಕೇಳುತ್ತಾನೆ.

ಅದು ಚಂದ್ರಲೋಕ, ಎಲ್ಲಕ್ಕಿಂತ ಕೆಳಗಿನ ಸ್ವರ್ಗ. ದೇವರಿಗೆ ತೊಟ್ಟ ವ್ರತವನ್ನು ಪೂರ್ತಿ ಉಳಿಸಿಕೊಳ್ಳದವರು ಕಾಣಸಿಗುವುದು ಇಲ್ಲಿ. ತಿಳಿನೀರಿನಲ್ಲಿ ಕಂಡಂತೆ ಕೆಲವು ಮಸುಕು ಮುಖಗಳು ಕಾಣುತ್ತವೆ. ಪ್ರತಿಬಿಂಬವಿರಬೇಕೆಂದು ಡಾಂಟೆ ಹಿಂದಕ್ಕೆ ತಿರುಗಿ ನೋಡಿದರೆ ಯಾರೂ ಇಲ್ಲ, ಸ್ವರ್ಗದಲ್ಲಿ ಅವನಿಗೆ ದಾರಿ ತೋರುವ ಪ್ರಿಯತಮೆ ಬೆಯಾಟ್ರಿಸ್ ನಗುತ್ತಾಳೆ. ಆ ಮುಖಗಳಲ್ಲೊಂದು ಪಿಕ್ಕಾರ್ದಾ ದೊನಾತಿಯದು. ಫ್ಲಾರೆನ್ಸಿನವಳು, ಡಾಂಟೆಯ ಹೆಂಡತಿ ಜೆಮ್ಮಾಳ ಮನೆತನದವಳೇ. ಸಂತ ಕ್ಲಾರಾಳ ಪಂಥದಲ್ಲಿ ಸನ್ಯಾಸಿನಿಯಾಗಿದ್ದವಳನ್ನು ಅಣ್ಣ ಕೊರ್ಸೊ ಮಠದಿಂದ ಎಳೆದು ತಂದು ಮದುವೆ ಮಾಡಿಸಿದ. ಅಣ್ಣನ ಹೆಸರನ್ನು ಅವಳು ಎತ್ತುವುದಿಲ್ಲ. ‘ಆಮೇಲೆ ನನ್ನ ಬಾಳು ಏನಾಯಿತೆಂದು ದೇವರಿಗೇ ಗೊತ್ತು’ ಎಂದಷ್ಟೇ ಹೇಳುತ್ತಾಳೆ.

‘ಇನ್ನೂ ಮೇಲಕ್ಕೆ ಹೋಗುವ ಆಸೆ ಇಲ್ಲವೇ?’ ಎಂದರೆ ಅವಳು ಮುಗುಳ್ನಗುತ್ತಾಳೆ. ದೇವರು ಬಯಸಿದ್ದನ್ನೇ ತಾವೂ ಬಯಸುವುದರಿಂದ ಕೊರತೆ ಕಾಣದು. ಆತನ ಇಚ್ಛೆಯಲ್ಲೇ ತಮ್ಮ ಶಾಂತಿ ಎನ್ನುತ್ತಾಳೆ. ಮಾತು ಮುಗಿಸಿ, ‘ಆವೆ ಮರಿಯಾ’ ಹಾಡುತ್ತ, ಆಳದ ನೀರಿನಲ್ಲಿ ಭಾರದ ವಸ್ತು ಮುಳುಗುವಂತೆ ಮರೆಯಾಗುತ್ತಾಳೆ.

ನಾಲ್ಕನೆಯ ಸರ್ಗದಲ್ಲಿ ಬೆಯಾಟ್ರಿಸ್ ವಿವರಣೆ ಕೊಡುತ್ತಾಳೆ: ನಿಜದಲ್ಲಿ ಎಲ್ಲರೂ ಇರುವುದು ತುತ್ತತುದಿಯ ಒಂದೇ ಸ್ವರ್ಗದಲ್ಲಿ, ಮನುಷ್ಯಬುದ್ಧಿಗೆ ಎಟುಕಲೆಂದು ಮಾತ್ರ ಬೇರೆ ಬೇರೆ ಲೋಕಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಇಲ್ಲಿಯವರೆಗೆ ಸರಿ. ಆದರೆ ಬಲವಂತಕ್ಕೆ ಸಿಕ್ಕವರೂ ಮತ್ತೆ ಮಠಕ್ಕೆ ಓಡಿಹೋಗಬಹುದಿತ್ತು, ಕಾದ ಕಬ್ಬಿಣದ ಮೇಲೂ ಸಂತ ಲಾರೆನ್ಸ್ ಗಟ್ಟಿಯಾಗಿ ನಿಲ್ಲಲಿಲ್ಲವೇ ಎಂಬ ಅವಳ ತರ್ಕ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಎಳೆದು ತಂದವನ ಪಾಪದಲ್ಲಿ ಎಳೆಸಿಕೊಂಡವಳಿಗೂ ಪಾಲೇ?

ಡಾಂಟೆಗೂ ಒಳಗೊಳಗೇ ಹಾಗನ್ನಿಸಿತ್ತೋ ಏನೋ, ಕೊರ್ಸೊನನ್ನು ಸುಮ್ಮನೆ ಬಿಟ್ಟಿಲ್ಲ. ಎರಡನೆಯ ಭಾಗವಾದ ಶುದ್ಧಿಲೋಕದ 24ನೆಯ ಸರ್ಗ ತೆಗೆಯಿರಿ. ಹೊಟ್ಟೆಬಾಕತನದ ಪಾಪ ತೊಳೆದುಕೊಳ್ಳುತ್ತ ಬಡಕಲಾಗಿರುವ ಪಿಕ್ಕಾರ್ದಾಳ ಇನ್ನೊಬ್ಬ ಅಣ್ಣ ಫೊರೆಸೆ, ಕೊರ್ಸೊ ಮೃಗದ ಬಾಲಕ್ಕೆ ಸಿಕ್ಕಿ ನರಕದತ್ತ ಎಳೆದೊಯ್ಯಲ್ಪಡುವನೆಂದು ಭವಿಷ್ಯ ನುಡಿಯುತ್ತಾನೆ. ಕಥೆ ನಡೆಯುವುದು 1300ರಲ್ಲಿ. ಕೊರ್ಸೊ ಸತ್ತದ್ದು 1308ರಲ್ಲಿ, ಅಂದರೆ ಸಾವು ಕಂಡ ಮೇಲೆ ಬರೆದ ಭವಿಷ್ಯವಿದು. 1302ರಲ್ಲಿ ಡಾಂಟೆಯನ್ನು ಗಡೀಪಾರು ಮಾಡಿದ, ಫ್ಲಾರೆನ್ಸಿನ ರಾಜಕೀಯದ ‘ಕರಿ ಗ್ವೆಲ್ಫ್’ ಎಂಬ ಬಣಕ್ಕೆ ಇವನೇ ಮುಖಂಡ. ಹಳೆಯ ಬಾಕಿಯೂ ಚುಕ್ತಾ! ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಸ್ವರ್ಗಕ್ಕೆ, ಒಬ್ಬ ಶುದ್ಧಿಲೋಕಕ್ಕೆ, ಒಬ್ಬ ನರಕಕ್ಕೆ.

ಮೊದಲ ಎರಡು ಸರ್ಗಗಳನ್ನು ಆಮೇಲೆ ಓದಿದರಾಯಿತು. ಎರಡನೆಯದರಲ್ಲಂತೂ ಸಣ್ಣ ದೋಣಿಯವರು ದಡಕ್ಕೆ ಮರಳಿ ಎಂದು ಡಾಂಟೆಯೇ ಓದುಗರನ್ನು ಹೆದರಿಸುತ್ತಾನೆ. ಹೆದರಬೇಡಿ.